ನಿಂತ ಕಾರೇ ಗುದ್ದಿತಂತೆ! ವಿಮಾ ಕಂಪನಿಯ ತೀರ್ಮಾನವನ್ನು ಪ್ರಶ್ನಿಸುವುದು ಹೇಗೆ?

ಒಳಲೇನ್

ನಿನ್ನೆ ಬಂದ ಪತ್ರವನ್ನು ಆರು ಸಲ ಓದಿದೆ. ಎಷ್ಟು ಸಲ ಓದಿದರೂ ಅದರಲ್ಲಿರುವುದು ಎರಡೇ ಸಾಲು. ‘ಲಭ್ಯವಿರುವ ಮಾಹಿತಿಯನ್ನು ಪರಿಶೀಲಿಸಲಾಗಿದ್ದು, ಅಪಘಾತದ ಸಂಪೂರ್ಣ ಹೊಣೆ ಪಾಲಿಸಿದಾರರದ್ದೆಂದು ತೀರ್ಮಾನಿಸಲಾಗಿದೆ. ಎದುರು ಪಕ್ಷದ ರಿಪೇರಿ ವೆಚ್ಚವನ್ನು ಅದರಂತೆ ಭರಿಸಲಾಗುವುದು.’ ಪಾಲಿಸಿದಾರಳು ನಾನು. ಅಪಘಾತವಾದಾಗ ನನ್ನ ಕಾರು ನಿಂತಿತ್ತು.

ನಡೆದದ್ದು ಇಷ್ಟು. ಸಿಗ್ನಲ್‌ನಲ್ಲಿ ತಿರುಗುವುದಕ್ಕೆ ಎರಡು ಲೇನ್‌ಗಳಿವೆ. ನಾನು ಒಳಗಿನದರಲ್ಲಿದ್ದೆ, ನನ್ನ ಮುಂದೆ ಒಂದು ಬಸ್. ಹಸಿರು ದೀಪ ಬಂತು, ಹೊರಟೆವು. ತಿರುವಿನ ಅರ್ಧಕ್ಕೆ ಬಸ್ ನಿಂತಿತು, ನಾನೂ ನಿಂತೆ. ಬಸ್ಸಿನ ಹೊಗೆ ಒಳಗೆ ಬರುತ್ತದೆಂದು ಸ್ವಲ್ಪ ಜಾಸ್ತಿಯೇ ಅಂತರ ಬಿಟ್ಟಿದ್ದೆ. ಆ ಅಂತರವನ್ನು ಕಂಡು ಹೊರಲೇನ್‌ನಿಂದ ಬೂದು ಬಣ್ಣದ ಕಾರೊಂದು ಒಳಕ್ಕೆ ನುಗ್ಗಿತು. ಅದರ ಮೂತಿ ಜಾಗದೊಳಗೆ ಹೊಕ್ಕಿತು, ಹಿಂಭಾಗ ಹೊಗಲಿಲ್ಲ. ಹಿಂಬಾಗಿಲಿನಿಂದ ಹಿಂದಿನ ಚಕ್ರದ ತನಕ ನನ್ನ ಬಂಪರಿನ ಮೂಲೆಗೆ ಉಜ್ಜಿಕೊಂಡೇ ಮುಂದೆ ಹೋಯಿತು.

ಇಬ್ಬರಿಗೂ ಪೆಟ್ಟಾಗಿಲ್ಲ, ಜಗಳವೂ ಆಗಲಿಲ್ಲ. ಫೋಟೋ ತೆಗೆದುಕೊಂಡು ಬಂದೆವು. ಇಂದು ಕಂಪನಿಗೆ ಫೋನ್ ಮಾಡಿ ಕೇಳಿದರೆ ಬಂದ ಉತ್ತರ: ‘ನಿಮ್ಮ ಮುಂಭಾಗ ಅವರ ಪಕ್ಕಕ್ಕೆ ತಗುಲಿದೆ ಅಲ್ಲವೇ ಮೇಡಂ? ಹಾಗಿದ್ದಲ್ಲಿ ಗುದ್ದಿದವರು ನೀವೇ ಆಗುತ್ತೀರಿ.’

ಡ್ಯಾಶ್‌ಕ್ಯಾಮ್ ಇಲ್ಲ. ಸಾಕ್ಷಿಗಳ ಹೆಸರು ಕೇಳಿಕೊಳ್ಳಲಿಲ್ಲ. ಇದನ್ನು ಬದಲಾಯಿಸಲು ಸಾಧ್ಯವೇ? ಅಥವಾ ಬಾಯಿ ಮುಚ್ಚಿಕೊಂಡು ಇರಬೇಕೇ?

ಸ್ಟೆಪ್ನಿ

ಬಸ್ಸಿನ ಹಿಂದೆ ಅಂತರ ಬಿಟ್ಟಿದ್ದೇ ನಿಮ್ಮ ಅಪರಾಧ. ನಮ್ಮ ಜನಕ್ಕೆ ಖಾಲಿ ಜಾಗ ಕಂಡರೆ ಅದು ಆಮಂತ್ರಣ ಪತ್ರಿಕೆ.

ಬೆಳಗಿನ ಪಾಳಿ

ತಮಾಷೆ ಇರಲಿ. ಮೇಡಂ, ನೇರವಾಗಿ ನ್ಯಾಯಾಲಯಕ್ಕೆ ಹೋಗಿ. ಈ ಕಂಪನಿಗಳಿಗೆ ಬೇರೆ ಭಾಷೆ ತಿಳಿಯುವುದಿಲ್ಲ. ನಾನು ಹಿಂದೊಮ್ಮೆ ಮೂರು ತಿಂಗಳು ಫೋನ್ ಮಾಡಿ ಮಾಡಿ ಸೋತವನು.

ಕಡತದ ಹುಳು

ನ್ಯಾಯಾಲಯ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ. ಒಂಬತ್ತು ವರ್ಷ ಕ್ಲೇಮು ವಿಭಾಗದ ಮೇಜಿನ ಆ ಕಡೆ ಕುಳಿತಿದ್ದೆ, ಈಗ ಬಿಟ್ಟಿದ್ದೇನೆ. ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಅಪಘಾತ ರಸ್ತೆಯಲ್ಲಿ ನಡೆದಿರಬಹುದು, ತೀರ್ಮಾನ ನಡೆದಿರುವುದು ಕಡತದಲ್ಲಿ. ಆ ಕಡತ ಬಿಡಿಸಿದರೆ ಇರುವುದು ನಿಮ್ಮ ಫೋನ್ ಹೇಳಿಕೆಯ ನಾಲ್ಕು ಸಾಲಿನ ಸಾರಾಂಶ, ಎದುರಿನವರ ಹೇಳಿಕೆ, ಐದಾರು ಫೋಟೋ. ಅದನ್ನು ನೋಡುವವನ ಮುಂದೆ ಅಂಥವು ಹತ್ತಾರು ಬಾಕಿ ಇರುತ್ತವೆ. ಒಬ್ಬರ ಮುಂಭಾಗ, ಇನ್ನೊಬ್ಬರ ಪಕ್ಕ ಎಂದು ಕಂಡ ಕೂಡಲೇ ಕೈ ತಾನಾಗಿ ಒಂದು ಖಾನೆಗೆ ಹೋಗುತ್ತದೆ. ಅದು ಪಿತೂರಿ ಅಲ್ಲ, ಅಭ್ಯಾಸ. ಪಿತೂರಿಯಾಗಿದ್ದರೆ ಮುರಿಯುವುದು ಇದಕ್ಕಿಂತ ಸುಲಭವಿತ್ತು.

ಇನ್ನೊಂದು ಲೆಕ್ಕವೂ ಇದೆ. ಮೊತ್ತ ಸಣ್ಣದಾದರೆ, ಇನ್ನೊಂದು ಕಂಪನಿಯೊಂದಿಗೆ ವಾದಿಸುವ ಖರ್ಚಿಗಿಂತ ಹಣ ಕೊಟ್ಟು ಮುಗಿಸುವುದೇ ಅಗ್ಗ. ನಿಮ್ಮ ಹೆಸರಿನಲ್ಲಿ ವಾದಿಸುವ, ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ಕಂಪನಿಗೇ ಕೊಡುವ ಷರತ್ತು ಸಾಮಾನ್ಯವಾಗಿ ಪಾಲಿಸಿಯಲ್ಲೇ ಇರುತ್ತದೆ. ನಾವೆಲ್ಲ ಓದದೆ ಸಹಿ ಹಾಕಿದ ಪುಟಗಳಲ್ಲಿ ಅದೂ ಒಂದು. ಆದ್ದರಿಂದ ‘ನನ್ನನ್ನು ಕೇಳದೆ ಹೇಗೆ ಒಪ್ಪಿಕೊಂಡಿರಿ’ ಎಂಬ ವಾದ ನಿಲ್ಲುವುದಿಲ್ಲ. ‘ಏನನ್ನು ನೋಡಿ ಒಪ್ಪಿಕೊಂಡಿರಿ’ ಎಂಬ ಪ್ರಶ್ನೆ ನಿಲ್ಲುತ್ತದೆ.

ಎರಡು ಕೆಲಸ ತಕ್ಷಣ ಮಾಡಿ. ತೀರ್ಮಾನಕ್ಕೆ ಆಧಾರವಾದ ಎಲ್ಲ ದಾಖಲೆಗಳ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ: ಎದುರಿನವರ ಹೇಳಿಕೆ, ಅವರ ಕಾರಿನ ಫೋಟೋ, ಕಾರಿನ ಹಾನಿಯನ್ನು ಪರಿಶೀಲಿಸುವ ಸರ್ವೇಯರ್ ವರದಿ. ಮತ್ತು ನಿಮ್ಮದೇ ಫೋನ್ ಕರೆಯ ಧ್ವನಿಮುದ್ರಣವನ್ನು ಕೇಳಿ. ಐರೋಪ್ಯ ಒಕ್ಕೂಟ, ಬ್ರಿಟನ್‌ಗಳ ದತ್ತಾಂಶ ರಕ್ಷಣಾ ಕಾನೂನಿನಡಿ ನಿಮ್ಮ ಕುರಿತ ದಾಖಲೆಯನ್ನು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಬೇರೆಡೆ ಅಂಥ ಹಕ್ಕು ಇರಲಿ ಬಿಡಲಿ, ಕೇಳಿದ್ದಕ್ಕೆ ಪುರಾವೆ ಉಳಿಯುತ್ತದೆ.

ಹಳೆಯ ಸರ್ವೇಯರ್

ಬಂಪರ್ ಎಲ್ಲಿದೆ?

ಒಳಲೇನ್

ಗ್ಯಾರೇಜಿನಲ್ಲಿ. ಹೊಸದು ಹಾಕಿ ಆಗಿದೆ ಅನ್ನಿಸುತ್ತದೆ. ಏಕೆ?

ಹಳೆಯ ಸರ್ವೇಯರ್

ಹಳೆಯದನ್ನು ಎಸೆಯಬೇಡಿ ಎಂದು ಈಗಲೇ, ಇದನ್ನು ಓದಿ ಮುಗಿಸುವ ಮೊದಲೇ ಫೋನ್ ಮಾಡಿ. ಮಿಕ್ಕದ್ದನ್ನು ಆಮೇಲೆ ಓದಿ.

ಮಾಡಿದಿರಾ? ಸರಿ.

ಎರಡು ಕಾರು ಪಕ್ಕಪಕ್ಕ ಉಜ್ಜಿದಾಗ ಗೀರು ಎಲ್ಲಿದೆ ಎನ್ನುವುದಕ್ಕಿಂತ ಯಾವ ಕಡೆಗೆ ಎಳೆದಿದೆ ಎನ್ನುವುದು ಮುಖ್ಯ. ನೀವು ಚಲಿಸುತ್ತಾ ಹೋಗಿ ಅವರ ಬಾಗಿಲಿಗೆ ಗುದ್ದಿದ್ದರೆ ಬಂಪರಿನ ಮೂಲೆ ಹಿಂದಕ್ಕೆ, ಒಳಕ್ಕೆ ತಳ್ಳಿಸಿಕೊಂಡಿರಬೇಕು. ಹಿಂದಿರುವ ಬ್ರಾಕೆಟ್ ನುಜ್ಜಾಗಿರಬೇಕು. ನೀವು ನಿಂತಿದ್ದು ಅವರು ಮುಂದಕ್ಕೆ ಉಜ್ಜಿಕೊಂಡು ಹೋಗಿದ್ದರೆ, ಅವರ ಚಕ್ರದ ಕಮಾನಿನ ಅಂಚು ನಿಮ್ಮ ಬಂಪರನ್ನು ಕೊಕ್ಕೆಯಂತೆ ಹಿಡಿದು ಮುಂದಕ್ಕೆ, ಹೊರಕ್ಕೆ ಎಳೆದಿರುತ್ತದೆ. ಆಗ ಮಡ್‌ಗಾರ್ಡ್‌ಗೆ ಬಂಪರನ್ನು ಕಚ್ಚಿಹಿಡಿಯುವ ಪ್ಲಾಸ್ಟಿಕ್ ಕ್ಲಿಪ್‌ಗಳು ಹೊರಮುಖವಾಗಿ ಮುರಿದಿರುತ್ತವೆ. ಕಿತ್ತುಬಂದ ಬಣ್ಣ ಗೀರಿನ ಒಂದು ತುದಿಯಲ್ಲಿ ಸುರುಳಿಯಾಗಿ ಗುಡ್ಡೆ ಬಿದ್ದಿರುತ್ತದೆ. ರಂದ ಹಿಡಿದಾಗ ಮರದ ಹೊಟ್ಟು ಯಾವ ಕಡೆ ಸೇರುತ್ತದೆ ನೋಡಿ, ಹಾಗೆ.

ಇನ್ನೊಂದು: ಅವರ ಹಿಂದಿನ ಟಯರ್ ತಾಗಿದ್ದರೆ ನಿಮ್ಮ ಬಂಪರಿನ ಮೇಲೆ ಕಪ್ಪು ಕಮಾನಿನಾಕಾರದ ಗುರುತುಗಳು, ಒಂದರ ಪಕ್ಕ ಒಂದು ಇರುತ್ತವೆ. ತಿರುಗುವ ಚಕ್ರ ಮಾತ್ರ ಹಾಗೆ ಬರೆಯಬಲ್ಲದು. ಜೊತೆಗೆ ನಿಮ್ಮ ಬಂಪರ್ ಅವರ ಮೈಮೇಲೆ ಮಾಡಿದ ಗೀರಿನ ಎತ್ತರವನ್ನು ನೆಲದಿಂದ ಅಳೆಯಬೇಕು. ಜೋರಾಗಿ ಬ್ರೇಕ್ ಹಾಕಿದ ಕಾರಿನ ಮೂತಿ ತಗ್ಗುತ್ತದೆ. ನಿಂತ ಕಾರಿನ ಬಂಪರ್ ಇದ್ದ ಎತ್ತರದಲ್ಲೇ ಇರುತ್ತದೆ.

ಬೆಳಗಿನ ಪಾಳಿ

ಹೊಸ ಕಾರುಗಳಲ್ಲಿ ವಿಮಾನದ ಬ್ಲ್ಯಾಕ್ ಬಾಕ್ಸ್‌ನಂಥದ್ದು ಇರುತ್ತದಲ್ಲ? ಅದನ್ನೇ ತೆಗೆಸಿದರೆ ವೇಗ ಸೊನ್ನೆ ಎಂದು ಗೊತ್ತಾಗುವುದಿಲ್ಲವೇ?

ಹಳೆಯ ಸರ್ವೇಯರ್

ಇದೆ. ಐರೋಪ್ಯ ಒಕ್ಕೂಟದಲ್ಲಿ ಜುಲೈ 2024ರಿಂದ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ಅದು ಕಡ್ಡಾಯ. ಡಿಕ್ಕಿಗೆ ಮೊದಲಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಇತ್ಯಾದಿ ದಾಖಲಾಗುತ್ತವೆ. ಆದರೆ ಅದು ಎಚ್ಚರಗೊಳ್ಳಬೇಕಾದರೆ ಕಾರಿನ ವೇಗದಲ್ಲಿ ಹಠಾತ್ ಬದಲಾವಣೆ ಆಗಬೇಕು. ಅಮೆರಿಕದ ನಿಯಮದಲ್ಲಿ ಅದು 0.15 ಸೆಕೆಂಡಿನೊಳಗೆ ಗಂಟೆಗೆ 8 ಕಿಲೋಮೀಟರ್. ಬಂಪರ್ ಉಜ್ಜಿದ್ದಕ್ಕೆ ಅದು ಕಣ್ಣೂ ಬಿಡುವುದಿಲ್ಲ. ಆ ದಾರಿಯಲ್ಲಿ ಹಣ ಕಳೆಯಬೇಡಿ.

ದೂರದ ಚಾಲಕ

ಸರ್ವೇಯರ್ ಸರ್ ಹೇಳಿದ್ದೆಲ್ಲ ಚೆನ್ನಾಗಿದೆ. ಆದರೆ ಎಲ್ಲ ಕಡೆ ನಡೆಯುವುದಿಲ್ಲ ಎಂದು ಸೇರಿಸಬೇಕಾಗಿದೆ. ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ. ಇಲ್ಲಿ ಯಾರ ತಪ್ಪು ಎಂಬುದಕ್ಕೆ ಸರ್ಕಾರವೇ ಮಾಡಿದ ನಿಯಮಾವಳಿ ಇದೆ, 1990ರ 668ನೇ ನಿಯಂತ್ರಣ. ಚಿತ್ರಗಳ ಸಮೇತ ಇರುತ್ತದೆ. ಮಳೆ, ಮಂಜು, ರಸ್ತೆಯ ಸ್ಥಿತಿ, ಪಾದಚಾರಿಗಳು ಅಡ್ಡ ಬಂದದ್ದು, ಇವು ಯಾವುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಕಾರಿನ ಯಾವ ಭಾಗಕ್ಕೆ ತಾಗಿತು ಎಂಬುದನ್ನೂ ಕೂಡ! ಹೌದು, ಹಾಗೆಂದೇ ಬರೆದಿದೆ.

ಮೊದಲ ಸಲ ಓದಿದಾಗ ಇದೆಂಥ ಮೂರ್ಖತನ ಎಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ‘ನಿಮ್ಮ ಮುಂಭಾಗ, ಅವರ ಪಕ್ಕ, ಆದ್ದರಿಂದ ತಪ್ಪು ನಿಮ್ಮದು’ ಎಂಬ ಮಾತು ಇಲ್ಲಿ ಬಾಯಿಂದ ಹೊರಡುವಂತೆಯೇ ಇಲ್ಲ. ಲೇನ್ ಬದಲಾಯಿಸುತ್ತಿದ್ದವರು ಯಾರು? ಅವರಿಗೆ ನೂರಕ್ಕೆ ನೂರು. ಪಕ್ಕಪಕ್ಕ ಉಜ್ಜಿಕೊಂಡ ಕಾರುಗಳು ರಸ್ತೆಯಲ್ಲಿ ಎಲ್ಲಿದ್ದವು ಎಂದು ಹೇಳಲಾಗದಿದ್ದರೆ ಇಬ್ಬರಿಗೂ ಐವತ್ತು. ಆದ್ದರಿಂದ ಇಲ್ಲಿ ಹೋರಾಟವೆಲ್ಲ ಯಾವ ಚಿತ್ರ ನಮ್ಮದು ಎಂಬುದರ ಮೇಲೆ. ನನ್ನ ಒಂದು ಪ್ರಕರಣದಲ್ಲಿ ತಪ್ಪು ಚಿತ್ರ ಹಚ್ಚಿದ್ದರು. ಸಂಖ್ಯೆ ಹೇಳಿ ಒಂದೇ ಪುಟ ಬರೆದೆ, ಬದಲಾಯಿತು.

ಮೇಡಂ, ನೀವಿರುವಲ್ಲಿ ಅಂಥ ನಿಯಮಾವಳಿ ಇದ್ದರೆ ಮೊದಲು ಅದನ್ನು ಓದಿ. ಇಲ್ಲದಿದ್ದರೂ ‘ಯಾವ ನಿಯಮದ ಪ್ರಕಾರ’ ಎಂದು ಕೇಳಿ.

ಮೂರನೇ ಗೇರು

ಎಲ್ಲರೂ ಮೇಡಂ ಪರವೇ ಇದ್ದೀರಿ. ನಾನು ಎದುರು ಪಕ್ಷದ ವಕಾಲತ್ತು ವಹಿಸುತ್ತೇನೆ, ಬೇಸರ ಬೇಡ. ‘ನಿಂತಿದ್ದೆ’ ಎನ್ನುತ್ತೀರಿ. ಎಷ್ಟು ಹೊತ್ತಿನಿಂದ? ಬಸ್ ಹೊರಡುವುದಕ್ಕೂ ಆ ಕಾರು ನುಗ್ಗುವುದಕ್ಕೂ ನೀವು ಬ್ರೇಕಿನಿಂದ ಕಾಲು ತೆಗೆಯುವುದಕ್ಕೂ ಒಂದೇ ಗಳಿಗೆ ಆಗಿರಲಿಲ್ಲ ತಾನೇ? ಆಟೋಮ್ಯಾಟಿಕ್ ಕಾರು ಕಾಲು ತೆಗೆದರೆ ತಾನೇ ತೆವಳುತ್ತದೆ. ನನ್ನದೂ ಅಂಥದ್ದೇ. ನಾನೂ ಒಮ್ಮೆ ‘ನಿಂತಿದ್ದೆ’ ಎಂದು ಎದೆ ತಟ್ಟಿ ಹೇಳಿ, ಆಮೇಲೆ ವಿಡಿಯೋದಲ್ಲಿ ಕಾರು ತೆವಳುತ್ತಿರುವುದು ಕಂಡಿತ್ತು. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಒಳಲೇನ್

ಓದಿ ಮೊದಲು ಸಿಟ್ಟು ಬಂತು. ಆಮೇಲೆ ಕಣ್ಣು ಮುಚ್ಚಿಕೊಂಡು ನೆನಪಿಸಿಕೊಂಡೆ. ಬಸ್ಸಿನ ಹಿಂಬದಿಯ ಕೆಂಪು ದೀಪ ಉರಿಯುತ್ತಿತ್ತು, ಅದು ಖಂಡಿತ. ಡಿಕ್ಕಿಯಾದ ಮೇಲೂ ಉರಿಯುತ್ತಲೇ ಇತ್ತು. ಅದು ಹೊರಟಿರಲಿಲ್ಲ ಎಂದ ಮೇಲೆ ನಾನು ಕಾಲು ತೆಗೆಯಲು ಕಾರಣವಿಲ್ಲ. ಆದರೆ ಎಷ್ಟು ಸೆಕೆಂಡು ನಿಂತಿದ್ದೆ ಎಂದು ಆಣೆ ಇಟ್ಟು ಹೇಳಲಾರೆ.

ಬಂಪರ್ ಸುದ್ದಿ: ಗ್ಯಾರೇಜಿನ ಹಿಂದೆ ಗುಜರಿ ರಾಶಿಯ ಮೇಲಿತ್ತು. ಮಾರನೆಯ ದಿನ ಗುಜರಿಯವನು ಬರುವವನಿದ್ದ. ತಂದು ಮನೆಯಲ್ಲಿಟ್ಟಿದ್ದೇನೆ, ಮನೆಯವರಿಗೆಲ್ಲ ನನ್ನ ತಲೆಯ ಬಗ್ಗೆ ಅನುಮಾನ ಶುರುವಾಗಿದೆ. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಅದನ್ನು ಕೈಗೆ ಕೊಡುವಾಗ, ನಾನು ಏನನ್ನೂ ಕೇಳುವ ಮೊದಲೇ, ‘ಇದನ್ನು ಯಾರೋ ಹಿಡಿದು ಎಳೆದಿದ್ದಾರಮ್ಮ’ ಎಂದರು. ಮೂರು ಕ್ಲಿಪ್‌ಗಳಲ್ಲಿ ಎರಡು ಹೊರಮುಖವಾಗಿ ಬಾಗಿ ಬಿಳಿಚಿಕೊಂಡು ಮುರಿದಿವೆ. ಬ್ರಾಕೆಟ್ ನೆಟ್ಟಗಿದೆ. ಟಯರಿನ ಕಮಾನುಗಳೂ ಇವೆ, ಅಂಗೈ ಅಗಲದಷ್ಟು ಜಾಗದಲ್ಲಿ ನಾಲ್ಕು.

ಹಳೆಯ ಸರ್ವೇಯರ್

ಒರೆಸಬೇಡಿ, ತೊಳೆಯಬೇಡಿ. ಹಗಲು ಬೆಳಕಿನಲ್ಲಿ, ಪಕ್ಕದಿಂದ ಬೆಳಕು ಬೀಳುವಂತೆ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮೊದಲು ದೂರದಿಂದ ಇಡೀ ಬಂಪರ್, ಆಮೇಲೆ ಹತ್ತಿರದಿಂದ. ಬರೀ ಹತ್ತಿರದ ಫೋಟೋ ಕಳುಹಿಸಿದರೆ ಅದು ಯಾವ ಭಾಗ, ಯಾವ ಕಡೆ ಮೇಲೆ ಎಂದೇ ಅವರಿಗೆ ತಿಳಿಯುವುದಿಲ್ಲ. ಆ ಹಿರಿಯರು ಹೇಳಿದ ಮಾತನ್ನು ಅವರ ಬಾಯಲ್ಲೇ ಎರಡು ಸಾಲು ಬರೆಸಿಕೊಂಡು ಸಹಿ ಹಾಕಿಸಿ.

ಮೂರನೇ ಗೇರು ಅವರ ಪ್ರಶ್ನೆ ಸರಿಯಾದದ್ದು. ‘ಬಸ್ಸಿನ ಬ್ರೇಕ್ ದೀಪ ಉರಿಯುತ್ತಿತ್ತು’ ಎನ್ನುವುದು ‘ನಾನು ನಿಂತಿದ್ದೆ’ ಎನ್ನುವುದಕ್ಕಿಂತ ಎಷ್ಟೋ ಗಟ್ಟಿ.

ಕಡತದ ಹುಳು

ಬಸ್ಸಿನಲ್ಲಿ ಕ್ಯಾಮೆರಾ ಇತ್ತೇ? ಬಹುತೇಕ ಕ್ಯಾಮೆರಾಗಳಲ್ಲಿ ಹಳೆಯದರ ಮೇಲೆ ಹೊಸದು ಅಚ್ಚಾಗುತ್ತಾ ಹೋಗುತ್ತದೆ, ಎಷ್ಟು ದಿನ ಎನ್ನುವುದು ಆಯಾ ವ್ಯವಸ್ಥೆಗೆ ಬಿಟ್ಟದ್ದು. ಅಪಘಾತದ ದಿನವೇ ಕೇಳಬೇಕಾದ ವಸ್ತು ಅದು. ಆದರೂ ಕೇಳಿ ನೋಡಿ.

ಒಳಲೇನ್

ಕೇಳಿದೆ. ಅಳಿಸಿಹೋಗಿದೆ ಎಂದು ಉತ್ತರ ಬಂತು.

ಆದರೆ ಧ್ವನಿಮುದ್ರಣ ಸಿಕ್ಕಿತು! ಹನ್ನೊಂದು ನಿಮಿಷ. ಅದರ ಜೊತೆ ಅವರು ಬರೆದುಕೊಂಡ ಸಾರಾಂಶವೂ ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದೆ. ನಾನು ‘ನಿಂತಿದ್ದೆ’ ಎಂಬ ಮಾತನ್ನು ಮೂರು ಸಲ ಹೇಳಿದ್ದೇನೆ. ಕೊನೆಯಲ್ಲಿ ಆ ಹುಡುಗ ‘ಆ ಕಾರು ಬರುವುದು ನಿಮಗೆ ಕಾಣಿಸಿತೇ’ ಎಂದು ಕೇಳುತ್ತಾನೆ. ‘ಇಲ್ಲಪ್ಪಾ, ಕಾಣಲೇ ಇಲ್ಲ, ಬಡಿದ ಮೇಲೇ ಗೊತ್ತಾದದ್ದು’ ಎನ್ನುತ್ತೇನೆ. ಸಾರಾಂಶದಲ್ಲಿ ಇರುವುದು: ‘ಪಾಲಿಸಿದಾರರು ನಿಧಾನವಾಗಿ ಚಲಿಸುತ್ತಿದ್ದರು. ಎದುರು ವಾಹನವನ್ನು ಗಮನಿಸಿರಲಿಲ್ಲ ಎಂದು ಒಪ್ಪಿಕೊಂಡಿದ್ದಾರೆ.’

ಒಪ್ಪಿಕೊಂಡಿದ್ದಾರೆ! ಪಕ್ಕದಿಂದ, ಹಿಂದಿನಿಂದ ಬಂದದ್ದು ಕಾಣಲಿಲ್ಲ ಎಂದರೆ ತಪ್ಪೊಪ್ಪಿಗೆಯಂತೆ.

ಕಡತದ ಹುಳು

ನಿಮ್ಮ ಪ್ರಕರಣದ ಬೀಗದ ಕೈ ಅದೇ. ನನ್ನ ಕಾಲದಲ್ಲಿ ನಾನೂ ಇಂಥ ಸಾರಾಂಶಗಳನ್ನು ಬರೆದಿರುತ್ತೇನೆ, ಸುಳ್ಳೇಕೆ ಹೇಳಲಿ. ಇನ್ನೊಂದು ಕರೆ ಕಾಯುತ್ತಿರುತ್ತದೆ, ಕೇಳಿದ್ದನ್ನು ಸಿದ್ಧ ಪದಗಳಿಗೆ ಹೊಂದಿಸುತ್ತೇವೆ. ‘ಕಾಣಲಿಲ್ಲ’ ಎಂಬುದಕ್ಕೆ ನಮ್ಮಲ್ಲಿದ್ದ ಸಿದ್ಧ ಪದ ‘ಗಮನಿಸಿಲ್ಲ’. ಆ ಎರಡು ಪದಗಳ ನಡುವೆ ನಿಮ್ಮ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಬಿದ್ದುಹೋಗಿದೆ.

ದೂರು ಬರೆದು ಇಲ್ಲಿ ಹಾಕಿ, ನೋಡೋಣ.

ಒಳಲೇನ್

ಬರೆದದ್ದು ಹೀಗೆ ಶುರುವಾಗುತ್ತದೆ: ‘ನಿಮ್ಮ ತೀರ್ಮಾನ ಅನ್ಯಾಯದ ಪರಮಾವಧಿ. ಹನ್ನೆರಡು ವರ್ಷಗಳಿಂದ ಒಂದು ಕ್ಲೇಮನ್ನೂ ಮಾಡದೆ ಕಂತು ಕಟ್ಟಿದವಳಿಗೆ ನೀವು ಕೊಟ್ಟ ಬಹುಮಾನವಿದು. ನಿಮ್ಮ ಸಿಬ್ಬಂದಿಗೆ ಕನ್ನಡಕ ಕೊಡಿಸಬೇಕಾಗಿದೆ...’ ಹೀಗೆ ಮೂರು ಪುಟ.

ಸ್ಟೆಪ್ನಿ

ಕನ್ನಡಕದ ಸಾಲು ಚೆನ್ನಾಗಿದೆ. ಚೌಕಟ್ಟು ಹಾಕಿಸಿ ಮನೆಯಲ್ಲಿ ನೇತುಹಾಕಿ, ಕಂಪನಿಗೆ ಕಳುಹಿಸಬೇಡಿ.

ಕಡತದ ಹುಳು

ಸ್ಟೆಪ್ನಿ ಅವರ ಮಾತನ್ನು ಅನುಮೋದಿಸುತ್ತೇನೆ. ದೂರು ಓದುವವರು ಮೊದಲು ತೀರ್ಮಾನಿಸಿದವರಲ್ಲ, ಬೇರೆ ವಿಭಾಗದವರು. ಅವರಿಗೆ ನಿಮ್ಮ ಸಿಟ್ಟು ಬೇಡ, ಮೊದಲಿನವರ ಕಡತದಲ್ಲಿ ತೂತು ಎಲ್ಲಿದೆ ಎಂದು ಬೇಕು. ತೂತನ್ನು ತೋರಿಸಿದರೆ ಅವರೇ ಬೆರಳು ಹಾಕಿ ದೊಡ್ಡದು ಮಾಡುತ್ತಾರೆ. ಹೀಗೆ ಬರೆಯಿರಿ:

‘ವಿಷಯ: ಹೊಣೆಯ ತೀರ್ಮಾನದ ವಿರುದ್ಧ ಔಪಚಾರಿಕ ದೂರು. ನಿಮ್ಮ ತೀರ್ಮಾನಕ್ಕೆ ಆಧಾರವಾದ ಸಾರಾಂಶದಲ್ಲಿ ನಾನು ಚಲಿಸುತ್ತಿದ್ದೆ ಎಂದಿದೆ. ಧ್ವನಿಮುದ್ರಣದಲ್ಲಿ ನಾನು ನಿಂತಿದ್ದೆ ಎಂದು ಮೂರು ಕಡೆ ಹೇಳಿದ್ದೇನೆ. ನಿಮಿಷ, ಸೆಕೆಂಡು ಕೆಳಗೆ ಕೊಟ್ಟಿದ್ದೇನೆ. ಎದುರಿನ ಕಾರು ಕಾಣಲಿಲ್ಲ ಎಂದದ್ದು ಅದು ನನ್ನ ಪಕ್ಕದ ಹಿಂದಿನಿಂದ ಬಂದದ್ದರಿಂದ. ಬಂಪರಿನ ಕ್ಲಿಪ್‌ಗಳು ಹೊರಮುಖವಾಗಿ ಮುರಿದಿವೆ, ಬ್ರಾಕೆಟ್‌ಗೆ ಪೆಟ್ಟಾಗಿಲ್ಲ, ತಿರುಗುವ ಟಯರಿನ ಗುರುತುಗಳಿವೆ. ನಾನು ಗುದ್ದಿದ್ದರೆ ಇವು ಹೇಗೆ ಆಗುತ್ತಿದ್ದವು ಎಂದು ದಯವಿಟ್ಟು ವಿವರಿಸಿ. ಹಳೆಯ ಬಂಪರ್ ನನ್ನ ಬಳಿ ಇದೆ, ಪರೀಕ್ಷೆಗೆ ಲಭ್ಯ.’

ಇಷ್ಟೇ. ‘ಔಪಚಾರಿಕ ದೂರು’ ಎಂಬ ಪದವನ್ನು ಬಿಡಬೇಡಿ. ಆ ಪದವಿಲ್ಲದ ಇಮೇಲ್ ಬರೀ ಮಾಹಿತಿ ಕೇಳುವ ‘ವಿಚಾರಣೆ’ ಎಂದು ದಾಖಲಾಗಬಹುದು, ಆಗ ಗಡಿಯಾರ ಶುರುವಾಗುವುದೇ ಇಲ್ಲ.

ಬೆಳಗಿನ ಪಾಳಿ

ಯಾವ ಗಡಿಯಾರ?

ಕಡತದ ಹುಳು

ಹೊರಗಿನ ಪಂಚಾಯಿತಿಗೆ ಹೋಗುವ ಮೊದಲು ಕಂಪನಿಗೆ ಕೊಡಬೇಕಾದ ಕಾಲಾವಕಾಶ. ಬ್ರಿಟನ್ನಿನಲ್ಲಿ 8 ವಾರ. ಅಂತಿಮ ಉತ್ತರ ಬಂದ ಮೇಲೆ ಫೈನಾನ್ಷಿಯಲ್ ಒಂಬುಡ್ಸ್‌ಮನ್ (ಇಂಥ ಕಂಪನಿಗಳ ಮೇಲಿನ ದೂರು ಆಲಿಸುವ ಹೊರಗಿನ ಸಂಸ್ಥೆ) ಬಳಿ ಹೋಗಲು 6 ತಿಂಗಳು. ಅಲ್ಲೊಂದು ಸೂಕ್ಷ್ಮವಿದೆ: ತಪ್ಪು ಯಾರದ್ದೆಂದು ಒಂಬುಡ್ಸ್‌ಮನ್ ತೀರ್ಮಾನಿಸುವುದಿಲ್ಲ, ಅದು ನ್ಯಾಯಾಲಯದ ಕೆಲಸ. ಕಂಪನಿ ಸಾಕ್ಷ್ಯಗಳನ್ನು ಸರಿಯಾಗಿ ತೂಗಿ ನ್ಯಾಯಸಮ್ಮತವಾಗಿ ನಡೆದುಕೊಂಡಿತೇ ಎಂದಷ್ಟೇ ನೋಡುತ್ತದೆ. ಆದ್ದರಿಂದ ಅಲ್ಲಿ ‘ತಪ್ಪು ನನ್ನದಲ್ಲ’ ಎಂದು ಕೂಗಿದರೆ ಪ್ರಯೋಜನ ಕಡಿಮೆ. ‘ನನ್ನ ಧ್ವನಿಮುದ್ರಣವನ್ನು ಕೇಳದೆಯೇ ತೀರ್ಮಾನಿಸಿದರು’ ಎಂದರೆ ಕಿವಿ ನಿಮಿರುತ್ತದೆ.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಮ್ಯಾಸಚೂಸೆಟ್ಸ್‌ನಲ್ಲಿ ಅಪಘಾತದ ಕಾರಣ ಕಂತು ಏರಿಸಿದ ನೋಟಿಸು ಬಂದರೆ 30 ದಿನದೊಳಗೆ ಸರ್ಕಾರದ ಮೇಲ್ಮನವಿ ಮಂಡಳಿಗೆ ಹೋಗಬಹುದು.

ಮೂರನೇ ಗೇರು

ಭಾರತದಲ್ಲಿ?

ಹಳೆಯ ಸರ್ವೇಯರ್

ಭಾರತದಲ್ಲಿ ಜಗಳದ ಸ್ವರೂಪವೇ ಬೇರೆ. ಸ್ವಂತ ಹಾನಿಯ ಕ್ಲೇಮು ಮಾಡಿದರೆ ತಪ್ಪು ಯಾರದ್ದೇ ಇರಲಿ, ನೋ ಕ್ಲೇಮ್ ಬೋನಸ್ ಹೋಗುತ್ತದೆ. ಬೋನಸ್ಸಿನ ಹೆಸರೇ ಹೇಳುತ್ತದೆ, ಕ್ಲೇಮು ಇರಬಾರದು ಎಂದು. ತಪ್ಪು ಇರಬಾರದು ಎಂದಲ್ಲ. ಅಲ್ಲಿ ತಕರಾರು ಬರುವುದು ಹೆಚ್ಚಾಗಿ ಕ್ಲೇಮು ತಿರಸ್ಕರಿಸಿದಾಗ, ಕಡಿತ ಮಾಡಿದಾಗ. ಮೊದಲು ಕಂಪನಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 2017ರ ನಿಯಮಗಳಲ್ಲಿ ಎಲ್ಲ ಇದೆ. ‘ಸರ್ವೇಯರ್ ವರದಿಯಲ್ಲಿ ಹೀಗಿದೆ, ನಾವೇನು ಮಾಡೋಣ’ ಎಂದು ಕೈಚೆಲ್ಲಿದರೆ ನಂಬಬೇಡಿ. ಸರ್ವೇಯರ್ ವರದಿಯೇ ಕಟ್ಟಕಡೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಸರ್ವೇಯರ್ ಆಗಿದ್ದವನೇ ಇದನ್ನು ಹೇಳುತ್ತಿದ್ದೇನೆ.

ಒಳಲೇನ್

ಐದು ವಾರದ ನಂತರ ಬರೆಯುತ್ತಿದ್ದೇನೆ. ಕಂಪನಿಯಿಂದ ಫೋನ್ ಬಂತು, ಈ ಸಲ ದೂರು ವಿಭಾಗದಿಂದ. ಬಹಳ ನಯವಾಗಿ ಮಾತನಾಡಿದರು. ‘ಸಾರಾಂಶದಲ್ಲಿ ವ್ಯತ್ಯಾಸ ಇರುವುದು ನಿಜ. ಎದುರು ಕಂಪನಿಯೊಂದಿಗೆ ಮಾತನಾಡಿದ್ದೇವೆ. ಐವತ್ತು ಐವತ್ತಕ್ಕೆ ಒಪ್ಪುತ್ತಾರೆ. ನಿಮಗೂ ಒಳ್ಳೆಯದು, ಇಂದೇ ಮುಗಿಸಿಬಿಡಬಹುದು’ ಎಂದರು. ನಾಳೆ ಹೇಳುತ್ತೇನೆ ಎಂದಿದ್ದೇನೆ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ.

ಮೂರನೇ ಗೇರು

ಒಪ್ಪಿಬಿಡಿ. ನೂರರಿಂದ ಐವತ್ತಕ್ಕೆ ಇಳಿಸಿದ್ದೀರಿ, ಅದೇನು ಸಣ್ಣದೇ? ಜೀವನದಲ್ಲಿ ಬಂಪರ್ ಒಂದೇ ಅಲ್ಲ.

ದೂರದ ಚಾಲಕ

ಒಪ್ಪುವ ಮೊದಲು ಐವತ್ತು ಎಂದರೆ ನಿಮ್ಮಲ್ಲಿ ಏನರ್ಥ ಎಂದು ಕೇಳಿ. ಅದು ಎಲ್ಲ ಕಡೆ ಅರ್ಧ ತಪ್ಪು ಎಂದಷ್ಟೇ ಅಲ್ಲ! ಕ್ಯಾಲಿಫೋರ್ನಿಯಾದಲ್ಲಿ 51ರಿಂದ ಮೇಲೆ ಇದ್ದರೆ ಮಾತ್ರ ನೀವು ‘ಮುಖ್ಯ ತಪ್ಪಿತಸ್ಥರು’. ಐವತ್ತರಲ್ಲಿ ನಿಂತರೆ ಪಾರು. ಬ್ರಿಟನ್ನಿನಲ್ಲಿ ಹೊಣೆ ಹಂಚಿಕೆಯಾಯಿತೆಂದರೆ ಬೋನಸ್ ಮಟ್ಟಿಗೆ ಅದನ್ನು ಸಾಮಾನ್ಯವಾಗಿ ತಪ್ಪಿನ ಕ್ಲೇಮು ಎಂದೇ ಎಣಿಸುತ್ತಾರೆ. ಇನ್ನು ಅಲಬಾಮಾ, ಮೇರಿಲ್ಯಾಂಡ್, ಉತ್ತರ ಕೆರೊಲಿನಾ, ವರ್ಜೀನಿಯಾಗಳಲ್ಲಿ ನಿಮ್ಮದು ನೂರರಲ್ಲಿ ಒಂದು ಪಾಲು ತಪ್ಪಿದ್ದರೂ ಎದುರಿನವರಿಂದ ಪರಿಹಾರ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಒಂದೇ ಐವತ್ತು, ಒಂದು ಊರಲ್ಲಿ ಗೆಲುವು, ಇನ್ನೊಂದರಲ್ಲಿ ಪೂರ್ತಿ ಸೋಲು.

ಕಡತದ ಹುಳು

ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಯಾವ ಹೊಸ ಸಾಕ್ಷ್ಯ ನನ್ನನ್ನು ಐವತ್ತಕ್ಕೆ ತಂದಿತು? ಉಳಿದ ಐವತ್ತನ್ನು ಯಾವ ಸಾಕ್ಷ್ಯ ಹಿಡಿದಿಟ್ಟಿದೆ?’ ಎರಡನೆಯದಕ್ಕೆ ಅವರ ಬಳಿ ಉತ್ತರವಿರುವುದಿಲ್ಲ. ಐವತ್ತು ಎಂಬುದು ಸಾಕ್ಷ್ಯದಿಂದ ಹುಟ್ಟಿದ ಅಂಕಿಯಲ್ಲ, ಇಬ್ಬರು ಊಟದ ಹೊತ್ತಿಗೆ ಮೊದಲು ಫೋನ್ ಇಡಬೇಕೆಂದುಕೊಂಡಾಗ ಹುಟ್ಟುವ ಅಂಕಿ.

ಎದುರಿನವರ ಕಾರಿನ ಫೋಟೋ ಬಂತೇ?

ಒಳಲೇನ್

ಕೇಳಿದ್ದೆ, ಕೊಟ್ಟಿರಲಿಲ್ಲ. ಇಂದು ಮತ್ತೆ ಕೇಳಿದೆ. ನೀವು ಹೇಳಿದ ಪ್ರಶ್ನೆಯನ್ನು ಹಾಗೆಯೇ ಓದಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಸಂಜೆ ಫೋಟೋ ಬಂತು.

ಹಿಂಬಾಗಿಲಿನ ನಡುಭಾಗದಿಂದ ಶುರುವಾಗಿ ಚಕ್ರದ ಕಮಾನಿನ ತನಕ ಗೀರು ಒಂದೇ ಎತ್ತರದಲ್ಲಿ, ಗೆರೆ ಹಾಕಿದಂತೆ ಇದೆ. ಶುರುವಿನಲ್ಲಿ ಕೂದಲೆಳೆಯಷ್ಟು ಸಣ್ಣದು, ಹಿಂದಕ್ಕೆ ಹೋದಂತೆ ಅಗಲ, ಕಮಾನಿನ ಅಂಚಿನಲ್ಲಿ ಲೋಹ ಮಡಚಿಕೊಂಡಿದೆ. ಬಾಗಿಲಿನಲ್ಲಿ ಗುದ್ದಿದ ತಗ್ಗು ಎಲ್ಲೂ ಇಲ್ಲ.

ಹಳೆಯ ಸರ್ವೇಯರ್

ಬಾಗಿಲಿಗೆ ಮೂತಿ ಗುದ್ದಿದ್ದರೆ ತಗ್ಗು ಬಿದ್ದು, ಅಲ್ಲಿಂದ ಗೀರು ಹೊರಡಬೇಕಿತ್ತು. ಇದು ಸವರಿಕೊಂಡು ಶುರುವಾಗಿ, ಕಾರು ಒಳಲೇನ್ ಕಡೆಗೆ ಓರೆಯಾದಂತೆ ಒತ್ತುತ್ತಾ ಹೋಗಿರುವ ಗೀರು. ಅವರು ಹೊರಳುತ್ತಿದ್ದರು, ನೀವಲ್ಲ. ಎರಡೂ ಫೋಟೋಗಳನ್ನು ಒಂದೇ ಹಾಳೆಯಲ್ಲಿ, ನೆಲದಿಂದ ಎತ್ತರ ಬರೆದು ಕಳುಹಿಸಿ. ಐವತ್ತಕ್ಕೆ ಒಪ್ಪಬೇಡಿ.

ಮೂರನೇ ಗೇರು

ಆ ವಿವರ ಓದಿದ ಮೇಲೆ ನಾನೂ ವಕಾಲತ್ತು ಹಿಂತೆಗೆದುಕೊಳ್ಳುತ್ತೇನೆ.

ಒಳಲೇನ್

ಇಂದು ಬೆಳಿಗ್ಗೆ ಪತ್ರ ಬಂತು. ಈ ಸಲವೂ ಎರಡೇ ಸಾಲು. ‘ಹೆಚ್ಚುವರಿ ಸಾಕ್ಷ್ಯವನ್ನು ಪರಿಗಣಿಸಿ ಹಿಂದಿನ ತೀರ್ಮಾನವನ್ನು ಹಿಂಪಡೆಯಲಾಗಿದೆ. ಪಾಲಿಸಿದಾರರ ಮೇಲೆ ಯಾವುದೇ ಹೊಣೆ ಇರುವುದಿಲ್ಲ.’ ಕ್ಷಮೆ ಗಿಮೆ ಏನೂ ಇಲ್ಲ. ರಿಪೇರಿಗೆ ನಾನು ಕೈಯಿಂದ ಕೊಟ್ಟಿದ್ದ ಪಾಲು ಎದುರು ಕಂಪನಿಯಿಂದ ವಸೂಲಾದ ಮೇಲೆ ವಾಪಸು ಬರುತ್ತದಂತೆ. ಎಲ್ಲರಿಗೂ ಕೈಮುಗಿದೆ. ಬಂಪರನ್ನು ಏನು ಮಾಡಲಿ?

ಸ್ಟೆಪ್ನಿ

ಹಾರ ಹಾಕಿ.

ಕಡತದ ಹುಳು

ಹಾರ ಆಮೇಲೆ. ಹಣ ಕೈಗೆ ಬರುವ ತನಕ ಬಂಪರ್ ಇರಲಿ. ಇನ್ನೊಂದು: ಪತ್ರ ಬರೆಯುವ ವಿಭಾಗ ಬೇರೆ, ಮುಂದಿನ ವರ್ಷದ ಕಂತು ಲೆಕ್ಕ ಹಾಕುವ ಕಂಪ್ಯೂಟರ್ ಬೇರೆ. ಪತ್ರ ಬಂದ ಮಾತ್ರಕ್ಕೆ ಅದಕ್ಕೆ ಸುದ್ದಿ ಮುಟ್ಟಿದೆ ಎಂದಲ್ಲ. ನವೀಕರಣದ ಕಾಗದ ಬಂದಿದ್ದರೆ ತೆಗೆದು ನೋಡಿ. ಅಪಘಾತದ ಖಾನೆಯಲ್ಲಿ ಏನಿದೆ?

ಒಳಲೇನ್

ನೋಡಿದೆ. ‘ಹೊಣೆ: 50’. ನಾನು ಒಪ್ಪದೇ ಇದ್ದ ಐವತ್ತನ್ನೇ ಹಾಕಿಟ್ಟಿದ್ದಾರೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಮೊದಲು ಇಮೇಲ್, ಆಮೇಲೆ ಫೋನ್. ವಿಷಯದ ಸಾಲಿನಲ್ಲಿ ‘ಔಪಚಾರಿಕ ದೂರು’ ಎಂದು ಬರೆದಾಗಿದೆ.